ಕಣಕುಂಬಿ ಕಾಡಿನ ಒಂದು ಹಿಡಿ ಮಣ್ಣು

ನಿನ್ನೆ ಅಪ್ಪನ್ನ ಕರಕೊಂಡು ಖಾನಾಪುರ ದಾಟಿ ಕಣಕುಂಬಿಗೆ ಹೋಗಿದ್ದೆ. ಮಲಪ್ರಭೆ ಹುಟ್ಟುವ ಜಾಗ ನೋಡಬೇಕೆಂಬುದು ಅವರ ಬಹಳ ದಿನದ ಆಸೆ. ಸವದತ್ತಿ ಕಡೆಯ ನಮ್ಮ ಹೊಲಕ್ಕೆ ನೀರು ಬರುವುದು ಅದೇ ನದಿಯ ನವಿಲುತೀರ್ಥ ಡ್ಯಾಮಿನಿಂದ.

ಕಾಡಿನ ನೆರಳಲ್ಲಿ ಅಪ್ಪ ಬಗ್ಗಿ ಒಂದು ಹಿಡಿ ಮಣ್ಣು ತಗೊಂಡರು. "ಇಷ್ಟ ದೊಡ್ಡ ಗಿಡ ಹೊತ್ತೈತಿ ಅಂದ್ರ, ನಮ್ಮ ಎರಿ ಮಣ್ಣಿಗಿಂತ ಕಸುವು ಇರಬೇಕು ತಮ್ಮಾ."

ಇಲ್ಲ ಅಂದೆ. ಮೇಲೆ ನಾಲ್ಕು ಬೆರಳು ಕೊಳೆತ ಎಲೆ, ಕೆಳಗೆ ಬರೀ ಜಂಬಿಟ್ಟಿಗೆ. ಮಳೆಕಾಡಿನ ಮಣ್ಣು ಬಹಳ ಕಡೆ ಬಡವೇ. ಸುರಿಯುವ ಮಳೆ ಸಾರವನ್ನೆಲ್ಲ ತೊಳೆದು ಒಯ್ಯುತ್ತದೆ. ಸಂಪತ್ತಿನ ದೊಡ್ಡ ಪಾಲು ಇರುವುದು ಮರಗಳ ಮೈಯಲ್ಲಿ. ಎಲೆ ಬಿದ್ದರೆ ಸಾಕು, ಗೆದ್ದಲು, ಹುಳು, ಅಣಬೆ ಎಲ್ಲ ಸೇರಿ ಕೆಲವೇ ತಿಂಗಳಲ್ಲಿ ಅದನ್ನು ಕರಗಿಸುತ್ತವೆ. ಬೇರಿಗೆ ಹೊಂದಿಕೊಂಡ ಶಿಲೀಂಧ್ರದ ನವಿರಾದ ಎಳೆಗಳು ಆ ಸಾರವನ್ನು ಹರಿದುಹೋಗುವ ಮೊದಲೇ ಹಿಡಿದು ಮರಕ್ಕೆ ಕೊಡುತ್ತವೆ, ಬದಲಿಗೆ ಮರದಿಂದ ಸಕ್ಕರೆ ಪಡೆಯುತ್ತವೆ. ಅದಕ್ಕೇ ಹೆಚ್ಚಿನ ಬೇರುಗಳು ಆಳಕ್ಕಿಳಿಯದೆ ನೆಲದ ಮೇಲ್ಪದರದಲ್ಲೇ ಹರಡಿಕೊಂಡಿರುತ್ತವೆ. ಇಂಥ ಕಾಡು ಕಡಿದು ಬಿತ್ತಿದವರ ನೆಲ ಕೆಲವೇ ಬೆಳೆಗೆ ಸೋತುಹೋಗುತ್ತದೆ. ಇದು ನನ್ನನ್ನು ಬಹಳ ಕಾಡುವ ಸಂಗತಿ.

ಒಂದು ಮರಕ್ಕೆ ಆಲದ ಜಾತಿಯ ಬಸರಿ ಮರ ಸುತ್ತಿಕೊಂಡಿತ್ತು. ಹಕ್ಕಿ ಟೊಂಗೆ ಮೇಲೆ ಬಿಟ್ಟ ಬೀಜ. ಬೇರು ಮೇಲಿಂದ ಕೆಳಗೆ ಇಳಿದಿದೆ. ಅಪ್ಪ ಅದನ್ನೇ ಸುಮಾರು ಹೊತ್ತು ನೋಡಿದರು. ಆಮೇಲೆ ಕೈಯಲ್ಲಿದ್ದ ಮಣ್ಣನ್ನು ತೆಗೆದ ಜಾಗಕ್ಕೇ ಹಾಕಿ, ಮೇಲೆ ಎಲೆ ಸರಿಸಿದರು.

ರಾತ್ರಿ ಊಟಕ್ಕೆ ಕೂತಾಗ ಅಂದರು: "ಈ ಸಲ ಕಬ್ಬಿನ ರವದಿ ಎಲಿ ಸುಡೂದು ಬ್ಯಾಡ. ಹಂಗ ಹೊಲದಾಗ ಬಿಡೂಣು."