ಇಂಜೆಕ್ಷನ್ ಅಗ್ಗ ಆಗುತ್ತಂತೆ, ಊರಿಗೆ ಯಾಕೋ ಹೊಟ್ಟೆನೋವು

ಎಚ್‌ಐವಿ ಬರದ ಹಾಗೆ ತಡೆಯುವ ಇಂಜೆಕ್ಷನ್ ವರ್ಷಕ್ಕೆ 40 ಡಾಲರಿಗೆ ಸಿಗುತ್ತದಂತೆ ಎಂಬ ಸುದ್ದಿ 2025ರ ಸೆಪ್ಟೆಂಬರಿನಲ್ಲಿ ಬಂತು. ಅದರ ಬಗ್ಗೆ ನಮ್ಮ ಕಡೆ ಜನ ಏನೇನು ಅಂದರು ಅಂತ ಬರೆದಿಡೋಣ ಅನ್ನಿಸಿತು. ನಾನು ಗೋಣಿಕೊಪ್ಪ ಕಡೆ ಮೆಡಿಕಲ್ ನಡೆಸುವವಳು. ಕೊಡಗಿನಲ್ಲಿ ಮೆಡಿಕಲ್ ಕೌಂಟರಿಗೆ ಚೀಟಿಗಿಂತ ಮಾತೇ ಜಾಸ್ತಿ ಬರುತ್ತದೆ. ಕಾಫಿ ರೇಟು ಎಷ್ಟಾಯ್ತು, ಆನೆ ಯಾರ ತೋಟಕ್ಕೆ ನುಗ್ಗಿತು, ಯಾರ ಮಗ ಕೆನಡಾಕ್ಕೆ ಹೊರಟ, ಎಲ್ಲ. ಅದರ ಮಧ್ಯೆ ಇದೂ ಬಂತು.

ವಿಷಯ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಮದ್ದಿನ ಹೆಸರು ಲೆನಕಾಪವಿರ್. ಆರು ತಿಂಗಳಿಗೊಮ್ಮೆ ಹೊಟ್ಟೆಯ ಚರ್ಮದ ಕೆಳಗೆ ಕೊಡುತ್ತಾರೆ, ಅಂದರೆ ವರ್ಷಕ್ಕೆ ಎರಡೇ ಸಲ. ಮಾಡಿದ್ದು ಅಮೆರಿಕದ ಗಿಲಿಯಡ್ ಕಂಪನಿ. 2025ರ ಜೂನಿನಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಾಗ ಅವರು ಇಟ್ಟ ಬೆಲೆ ವರ್ಷಕ್ಕೆ 28,218 ಡಾಲರ್. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 25 ಲಕ್ಷ ರೂಪಾಯಿ! ಅದೇ ಮದ್ದನ್ನು ನಮ್ಮ ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಕಂಪನಿಗಳು 2027ರಿಂದ 120 ದೇಶಗಳಿಗೆ 40 ಡಾಲರಿಗೆ ಕೊಡುತ್ತೇವೆ ಅಂದಿವೆ. ಆ ಪಟ್ಟಿಯಲ್ಲಿ ಭಾರತವೂ ಇದೆ. 40 ಡಾಲರ್ ಅಂದರೆ ಸುಮಾರು 3,500 ರೂಪಾಯಿ.

ಇಷ್ಟು ಕೇಳಿ ಒಬ್ಬರಾದರೂ "ಒಳ್ಳೆಯದಾಯ್ತು" ಅನ್ನಬೇಕಿತ್ತು ಅಲ್ವಾ? ನನಗೆ ಮೊದಲು ಸಿಕ್ಕಿದ್ದು ಬೈಗುಳ.

"ಅಲ್ಲ ಮಗಾ, ಇದನ್ನ ಇಷ್ಟು ಅಗ್ಗ ಮಾಡಿದ್ರೆ ಹುಡುಗ್ರು ಕೆಡೋಕೆ ಲೈಸೆನ್ಸ್ ಕೊಟ್ಟ ಹಾಗಲ್ವಾ?" ಅಂದರು ತೋಟದ ಮಾವ ಒಬ್ಬರು. ಬಿಪಿ ಮಾತ್ರೆ ತಗೊಳ್ಳಲು ಬಂದವರು, ಸಿಟ್ಟಿನಲ್ಲಿ ಬಿಪಿ ಏರಿಸಿಕೊಂಡು ಹೋದರು. ಇದೇ ಮಾತನ್ನು ಆಮೇಲೆ ಬೇರೆ ಬೇರೆ ಬಾಯಲ್ಲಿ ಕೇಳಿದ್ದೇನೆ. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಂತೂ ಒಬ್ಬ ಅತ್ತೆ ಕೈಮುಗಿಯುವ ಚಿತ್ರದ ಜೊತೆ "ದೇವರೇ ಕಾಪಾಡಬೇಕು" ಅಂತ ಹಾಕಿದರು. ಮದ್ದೇ ಕಾಪಾಡುತ್ತದೆ ಅತ್ತೆ ಅಂತ ಟೈಪ್ ಮಾಡಿ ಅಳಿಸಿದೆ.

ಒಂದು ವಿಚಿತ್ರ ನೋಡಿ. ಇದೇ ಇಂಜೆಕ್ಷನ್ನಿಗೆ 25 ಲಕ್ಷ ಇದ್ದಾಗ ಯಾರೂ ಹುಡುಗರು ಕೆಡುತ್ತಾರೆ ಅನ್ನಲಿಲ್ಲ. ದುಡ್ಡಿರುವವನು ತಗೊಂಡರೆ ಅದು ಅವನ ಸ್ವಂತ ವಿಚಾರ. ತೋಟದ ಕೂಲಿಯವರ ಲೈನ್ ಮನೆಯವನ ಕೈಗೆ ಸಿಗುವ ಬೆಲೆಗೆ ಇಳಿದ ಕೂಡಲೇ ಅದು ಊರಿನ ಮಾನದ ಪ್ರಶ್ನೆ ಆಗಿಬಿಡುತ್ತದೆ.

ಇದು ನಮ್ಮೂರಿನವರ ಬುದ್ಧಿ ಮಾತ್ರ ಅಂದುಕೊಳ್ಳಬೇಡಿ. ಎಚ್‌ಐವಿ ಮದ್ದಿನ ಬೆಲೆ ಇಳಿದಾಗೆಲ್ಲ, ಕೊಡಬಾರದು ಅನ್ನುವುದಕ್ಕೆ ಯಾರಾದರೂ ಹೊಸ ಕಾರಣ ಹುಡುಕಿದ್ದಾರೆ. 2001ರಲ್ಲಿ ಮುಂಬೈನ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅವರು ಮೂರು ಮದ್ದು ಸೇರಿದ ಚಿಕಿತ್ಸೆಯನ್ನು ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡುತ್ತೇನೆ ಅಂದರು. ಆಗ ಪಶ್ಚಿಮದ ದೇಶಗಳಲ್ಲಿ ಅದಕ್ಕೆ ವರ್ಷಕ್ಕೆ 10,000 ಡಾಲರಿಗೂ ಮೇಲೆ ಇತ್ತು. ಆಫ್ರಿಕಾದಲ್ಲಿ ಜನ ಸಾಯುತ್ತಿದ್ದರು. ಅದೇ ವರ್ಷ ಅಮೆರಿಕದ ನೆರವು ಸಂಸ್ಥೆಯ ಮುಖ್ಯಸ್ಥ ಆಂಡ್ರ್ಯೂ ನಾಟ್ಸಿಯೋಸ್ ಹೇಳಿದ್ದೇನು ಗೊತ್ತಾ? ಆಫ್ರಿಕಾದ ಎಷ್ಟೋ ಜನರಿಗೆ ಗಡಿಯಾರದ ಅಭ್ಯಾಸವೇ ಇಲ್ಲ, ಹೊತ್ತು ನೋಡಿ ಮಾತ್ರೆ ನುಂಗುವುದು ಅವರಿಂದ ಆಗದು ಎಂಬ ಅರ್ಥದ ಮಾತು! ಮುಂದೆ ಮದ್ದು ಸಿಕ್ಕಾಗ ಅಲ್ಲಿನವರು ಅಮೆರಿಕದವರಿಗಿಂತ ಏನೂ ಕಮ್ಮಿಯಿಲ್ಲದ ಹಾಗೆ ಹೊತ್ತುಹೊತ್ತಿಗೆ ತಗೊಂಡರು, ಅದು ಬೇರೆ ಮಾತು. 2012ರಲ್ಲಿ ಎಚ್‌ಐವಿ ಬರುವ ಮೊದಲೇ ತಡೆಯಲು ದಿನಕ್ಕೊಂದು ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 2014ರಲ್ಲಿ ಅದನ್ನು 'ಪಾರ್ಟಿ ಡ್ರಗ್' ಅಂತ ಹೀಯಾಳಿಸಿದವರು ಬೇರೆ ಯಾರೂ ಅಲ್ಲ, ಅಲ್ಲಿನ ದೊಡ್ಡ ಏಡ್ಸ್ ಸೇವಾ ಸಂಸ್ಥೆಯೊಂದರ ಮುಖ್ಯಸ್ಥರೇ. ಹಾಗಿರುವಾಗ ನಮ್ಮ ಮಾವನ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ.

ಮಾವನಿಗೆ ಸರಿಯಾದ ಉತ್ತರ ಕೊಟ್ಟಿದ್ದು ನಾನಲ್ಲ, ರಿಟೈರ್ಡ್ ಸುಬೇದಾರರು ಒಬ್ಬರು. ಬೆಂಚಿನ ಮೇಲೆ ಪೇಪರ್ ಓದುತ್ತಾ ಕೂತಿದ್ದವರು ತಲೆ ಎತ್ತದೆಯೇ ಹೇಳಿದರು. "ನಮ್ಮನ್ನ ನಾರ್ತ್ ಈಸ್ಟಿಗೆ ಹಾಕಿದಾಗ ಮಲೇರಿಯಾ ಮಾತ್ರೆ ಸಾಲಾಗಿ ನಿಲ್ಲಿಸಿ ನುಂಗಿಸ್ತಿದ್ರು. ನೀನು ಸೊಳ್ಳೆಪರದೆ ಕಟ್ಟಿದ್ಯಾ ಇಲ್ವಾ, ರಾತ್ರಿ ಎಲ್ಲಿ ತಿರುಗಿದೆ, ಯಾರೂ ಕೇಳ್ಲಿಲ್ಲ. ಜವಾನ ಮಲಗಿದ್ರೆ ಕೆಲಸ ಯಾರು ಮಾಡೋದು?" ಮಾವ ಚಿಲ್ಲರೆ ಎಣಿಸಿಕೊಂಡು ಹೋದರು. ಒಪ್ಪಿದರು ಅಂತೇನಿಲ್ಲ. ಆದರೆ ಸುಬೇದಾರರ ಎದುರು ಮಾತಾಡುವವರು ನಮ್ಮೂರಲ್ಲಿ ಕಮ್ಮಿ.

ಇನ್ನೊಂದು ತಕರಾರು ಇದೆ. ಅದನ್ನು ನಾನು ತಳ್ಳಿಹಾಕುವುದಿಲ್ಲ. "ಅವರಿಗೆ ಯಾಕೆ ಅಕ್ಕ ಇಷ್ಟು ಅಗ್ಗ? ನಮ್ಮಮ್ಮನ ಕ್ಯಾನ್ಸರ್ ಇಂಜೆಕ್ಷನ್ನಿಗೆ ಯಾಕೆ ಯಾರೂ ಹೀಗೆ ಮಾಡಲ್ಲ?" ಅಂತ ಒಬ್ಬ ಹುಡುಗ ಕೇಳಿದ. ಅವನ ದನಿಯಲ್ಲಿ ಯಾರ ಮೇಲೂ ದ್ವೇಷ ಇರಲಿಲ್ಲ, ಸುಸ್ತು ಇತ್ತು. ಕೊಡಗಿನವರಿಗೆ ಈ ಸುಸ್ತು ಚೆನ್ನಾಗಿ ಗೊತ್ತು. ಹೃದಯ, ಕ್ಯಾನ್ಸರ್, ತಲೆಗೆ ಪೆಟ್ಟು, ಏನೇ ಆದರೂ ಘಾಟಿ ಇಳಿದು ಮೈಸೂರಿಗೋ ಮಂಗಳೂರಿಗೋ ಓಡಬೇಕು. 2019ರಲ್ಲಿ ಕೊಡಗಿಗೊಂದು ದೊಡ್ಡ ಆಸ್ಪತ್ರೆ ಕೊಡಿ ಅಂತ ಇಲ್ಲಿನ ಹುಡುಗ ಹುಡುಗಿಯರು ಟ್ವಿಟರಿನಲ್ಲಿ ಕೂಗೆಬ್ಬಿಸಿದ್ದು ನೆನಪಿರಬಹುದು. ಆಂಬುಲೆನ್ಸಿನಲ್ಲಿ ದಾರಿಯಲ್ಲೇ ಜೀವ ಬಿಟ್ಟವರ ಮನೆಯವರು ಇಂಥ ಸುದ್ದಿ ಕೇಳಿ ಹಲ್ಲು ಕಡಿದರೆ ತಪ್ಪೇನು?

ಆದರೂ ಆ ಹುಡುಗನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಎಚ್‌ಐವಿ ಮದ್ದು ತಾನಾಗಿ ಅಗ್ಗ ಆಗಲಿಲ್ಲ. ರೋಗ ಇರುವವರೇ ಬೀದಿಗೆ ಬಂದು, ಕೋರ್ಟಿಗೆ ಹೋಗಿ, ಕಂಪನಿಗಳ ಬಾಗಿಲಲ್ಲಿ ಕೂತು ಎರಡು ಮೂರು ದಶಕ ಗಲಾಟೆ ಮಾಡಿದ್ದಾರೆ. ಈ ಸಲದ 40 ಡಾಲರ್ ಕೂಡ ಸುಮ್ನೆ ಬಂದಿದ್ದಲ್ಲ. ಇಷ್ಟು ಮಾಲು ಕೊಳ್ಳುವುದು ಗ್ಯಾರಂಟಿ ಅಂತ ಗೇಟ್ಸ್ ಫೌಂಡೇಶನ್ ಹೆಟೆರೊಗೆ ಮಾತು ಕೊಟ್ಟು, ಮುಂಗಡ ದುಡ್ಡೂ ಹಾಕಿದೆ. ಗಿಲಿಯಡ್ ಕಂಪನಿ 2024ರ ಅಕ್ಟೋಬರಿನಲ್ಲೇ ಆರು ಕಂಪನಿಗಳಿಗೆ ಇದೇ ಮದ್ದು ಮಾಡಲು ಲೈಸೆನ್ಸ್ ಕೊಟ್ಟಿತ್ತು. ದಾರಿ ಇದೆ ಅಂತ ಈ ರೋಗ ಇರುವವರು ತೋರಿಸಿದ್ದಾರೆ. ಕ್ಯಾನ್ಸರ್ ಮದ್ದಿಗೂ ಇದೇ ದಾರಿಯಲ್ಲಿ ಜಗಳ ಆಡಬೇಕು. ಇವರಿಗೆ ಸಿಕ್ಕಿದ್ದನ್ನು ಕಿತ್ತುಕೊಂಡರೆ ಅವನ ಅಮ್ಮನ ಬಿಲ್ಲಿನಲ್ಲಿ ಒಂದು ರೂಪಾಯಿಯೂ ಇಳಿಯುವುದಿಲ್ಲ.

ಇದು ಲಸಿಕೆ ಅಂತ ತಿಳಿದವರೂ ಇದ್ದಾರೆ. ಲಸಿಕೆ ಅಲ್ಲ. ಮೈಯಲ್ಲಿ ಮದ್ದು ಇರುವಷ್ಟು ದಿನ ವೈರಸ್ ನೆಲೆಯೂರಲು ಬಿಡುವುದಿಲ್ಲ, ಅಷ್ಟೇ. ಇಂಜೆಕ್ಷನ್ ನಿಲ್ಲಿಸಿದರೆ ರಕ್ಷಣೆಯೂ ನಿಲ್ಲುತ್ತದೆ. ಗರ್ಭ ತಡೆಯುವುದಿಲ್ಲ, ಸಿಫಿಲಿಸ್, ಗೊನೊರಿಯಾ ತಡೆಯುವುದಿಲ್ಲ. ಹೀಗೆ ಎಚ್‌ಐವಿ ಬರುವ ಮೊದಲೇ ತಡೆಯಲು ಮದ್ದು ತಗೊಳ್ಳುವುದಕ್ಕೆ ಪ್ರೆಪ್ ಅಂತಾರೆ. ದಿನಾ ನುಂಗುವ ಪ್ರೆಪ್ ಮಾತ್ರೆಯೂ ಇದೆ. ಟೆನೊಫೊವಿರ್, ಎಮ್ಟ್ರಿಸಿಟಬಿನ್ ಎರಡೂ ಸೇರಿದ್ದು, ನಮ್ಮ ದೇಶದ ಕಂಪನಿಗಳೇ ಮಾಡುತ್ತವೆ. ದಿನಾ ತಪ್ಪದೆ ತಗೊಂಡರೆ ಅದೂ ಚೆನ್ನಾಗಿ ಕೆಲಸ ಮಾಡುತ್ತದೆ. ಮಾತ್ರೆಯಾಗಲಿ ಇಂಜೆಕ್ಷನ್ನಾಗಲಿ, ಶುರು ಮಾಡುವ ಮೊದಲು ಎಚ್‌ಐವಿ ಟೆಸ್ಟ್ ಆಗಲೇಬೇಕು. ಮಾತ್ರೆಗಾದರೆ ಕಿಡ್ನಿ ಮತ್ತು ಹೆಪಟೈಟಿಸ್ ಬಿ ಕೂಡ ನೋಡಬೇಕು. ಮೈಯಲ್ಲಿ ಆಗಲೇ ಎಚ್‌ಐವಿ ಇದ್ದು, ಗೊತ್ತಿಲ್ಲದೆ ಇದನ್ನು ತಗೊಂಡರೆ ವೈರಸ್ ಮದ್ದಿಗೆ ಬಗ್ಗದ ಹಾಗೆ ಆಗಬಹುದು. ಅದಕ್ಕೇ ಚೀಟಿ ಇಲ್ಲದೆ ಬಂದವರಿಗೆ ನಾನು ಕೊಡುವುದಿಲ್ಲ, ಕೇಳಬೇಡಿ. ಮತ್ತೆ, ಈಗಾಗಲೇ ಏನೋ ಆಗಿಹೋಗಿದೆ, ಹೆದರಿಕೆ ಇದೆ ಅನ್ನುವವರು ಇಂಜೆಕ್ಷನ್ನಿಗೆ ಕಾಯಬೇಡಿ. 72 ಗಂಟೆ ಒಳಗೆ ಸರ್ಕಾರಿ ಆಸ್ಪತ್ರೆಗೆ ಹೋಗಿ. 28 ದಿನದ ಬೇರೆ ಮಾತ್ರೆ ಇದೆ. ಬೇಗ ಹೋದಷ್ಟು ಒಳ್ಳೆಯದು. ಏನು ಕೇಳುವುದಿದ್ದರೂ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.

ಇವೆಲ್ಲ ಜೋರಾಗಿ ಮಾತಾಡಿದವರ ಕಥೆ ಆಯ್ತು. ಜೋರಾಗಿ ಮಾತಾಡುವವರಲ್ಲಿ ಯಾರಿಗೂ ಈ ಮದ್ದು ಬೇಕಾಗಿಲ್ಲ ಅನ್ನುವುದು ನನ್ನ ಅನುಮಾನ. ಬೇಕಾದವರು ಅಂಗಡಿ ಖಾಲಿ ಆಗುವವರೆಗೆ ಪಕ್ಕದ ಬೇಕರಿ ಹತ್ತಿರ ನಿಂತಿರುತ್ತಾರೆ. ಒಬ್ಬಳು ಹೆಂಗಸು ಹಾಗೇ ಬಂದಳು. ಗುರುತು ಸಿಗದ ಹಾಗೆ ಬರೆಯುತ್ತೇನೆ. ಗಂಡನಿಗೆ ಇದೆ ಅಂತ ಇತ್ತೀಚೆಗೆ ಗೊತ್ತಾಗಿದೆ, ಇವಳಿಗೆ ಇಲ್ಲ. "ಅಕ್ಕ, ಅದೇನೋ ಸೂಜಿ ಬಂದಿದೆಯಂತಲ್ಲ, ನನಗೆ ಆಗುತ್ತಾ?" ಲೈಸೆನ್ಸ್ ಪ್ರಶ್ನೆಯನ್ನು ಇವಳಿಗೆ ಯಾವ ಬಾಯಲ್ಲಿ ಕೇಳುವುದು? ಗಂಡ ಎಆರ್‌ಟಿ (ಎಚ್‌ಐವಿ ಇರುವವರಿಗೆ ಕೊಡುವ ಚಿಕಿತ್ಸೆ) ಮಾತ್ರೆ ಬಿಡದೆ ತಗೊಂಡು, ರಕ್ತದಲ್ಲಿ ವೈರಸ್ ಟೆಸ್ಟಿಗೆ ಸಿಗದಷ್ಟು ಇಳಿದು ಹಾಗೇ ಉಳಿದರೆ ಅವನಿಂದ ಇವಳಿಗೆ ಹರಡುವುದಿಲ್ಲ. ಆ ಮಾತ್ರೆ 2004ರಿಂದ ಸರ್ಕಾರಿ ಕೇಂದ್ರಗಳಲ್ಲಿ ಪುಕ್ಕಟೆ. ಅಲ್ಲಿಯವರೆಗಿನ ತಿಂಗಳುಗಳಿಗೆ ಇವಳಿಗೊಂದು ಕಾವಲು ಬೇಕು. ಪ್ರೆಪ್ ಇರುವುದೇ ಅದಕ್ಕೆ. ನಾನು ಇದನ್ನೆಲ್ಲ ಹೇಳಿ, ಡಾಕ್ಟರ ಹತ್ತಿರ ಹೋಗಲು ಹೇಳಿದೆ. ಅವಳು ಕೇಳಿದ ಮುಂದಿನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ಮಾತ್ರೆ ಡಬ್ಬಿ ಎಲ್ಲಿ ಇಡಲಿ?"

ಲೈನ್ ಮನೆ ನೋಡಿದವರಿಗೆ ಈ ಪ್ರಶ್ನೆಯ ಭಾರ ಗೊತ್ತಾಗುತ್ತದೆ. ಒಂದು ಕೋಣೆ, ಒಂದು ಅಡಿಗೆ ಜಾಗ, ಅತ್ತೆ, ಮಕ್ಕಳು. ಪಕ್ಕದ ಮನೆಯವರು ಕೆಮ್ಮಿದರೂ ಇಲ್ಲಿ ಕೇಳುತ್ತದೆ. ಇಡೀ ಸಾಲಿನ ಹೆಂಗಸರು ಒಟ್ಟಿಗೆ ಕಾಫಿ ಕುಯ್ಯಲು ಹೋಗುತ್ತಾರೆ, ಒಟ್ಟಿಗೆ ಸಂತೆಗೆ ಬರುತ್ತಾರೆ. ಅಲ್ಲಿ ಒಬ್ಬಳ ಅಕ್ಕಿ ಡಬ್ಬದ ಹಿಂದೆ ಎಚ್‌ಐವಿ ಮಾತ್ರೆ ಸಿಕ್ಕಿತು ಅಂದರೆ, ಅದು ಬಂದವರಿಗೋ ಬರದವರಿಗೋ ಅಂತ ಯಾರು ವಿಚಾರಿಸುತ್ತಾರೆ? ಲೈನ್ ಮನೆ ಅಂತಲೇ ಏಕೆ, ದೊಡ್ಡ ಮನೆಗಳಲ್ಲೂ ಅಷ್ಟೇ. ವಿರಾಜಪೇಟೆಯವರು ಕಾಂಡೋಮ್ ತಗೊಳ್ಳಲು ಗೋಣಿಕೊಪ್ಪಕ್ಕೆ ಬರುತ್ತಾರೆ, ನಮ್ಮೂರಿನವರು ವಿರಾಜಪೇಟೆಗೆ ಹೋಗುತ್ತಾರೆ. ಎರಡೂ ಊರಿನ ಅಂಗಡಿಯವರಿಗೆ ಇದು ಗೊತ್ತು!

ಮಾತ್ರೆಯ ಈ ಕಷ್ಟ ಜಗತ್ತಿನಲ್ಲೆಲ್ಲ ಇದೆ. ದಕ್ಷಿಣ ಆಫ್ರಿಕಾ, ಉಗಾಂಡ, ಜಿಂಬಾಬ್ವೆಯಲ್ಲಿ ವಾಯ್ಸ್ ಅಂತ ಒಂದು ದೊಡ್ಡ ಅಧ್ಯಯನ ನಡೆದಿತ್ತು. ಹೆಣ್ಣುಮಕ್ಕಳಿಗೆ ಮಾತ್ರೆ ಕೊಟ್ಟರು, ಅವರು ತಗೊಂಡು ಹೋದರು. ರಕ್ತ ಪರೀಕ್ಷೆ ಮಾಡಿದರೆ ಮದ್ದು ಸಿಕ್ಕಿದ್ದು ಮೂರರಲ್ಲಿ ಒಂದು ಪಾಲಿಗಿಂತಲೂ ಕಮ್ಮಿ ರಕ್ತದಲ್ಲಿ. ಆಮೇಲೆ ಕೇಳಿದಾಗ ಬಂದ ಉತ್ತರಗಳಲ್ಲಿ ಒಂದು, ಡಬ್ಬಿ ನೋಡಿದವರು ನನಗೇ ಏಡ್ಸ್ ಇದೆ ಅಂದುಕೊಳ್ಳುತ್ತಾರೆ ಅನ್ನುವುದು. ಆದರೆ ದಕ್ಷಿಣ ಆಫ್ರಿಕಾ, ಉಗಾಂಡದಲ್ಲಿ ನಡೆದು 2024ರಲ್ಲಿ ಫಲಿತಾಂಶ ಬಂದ ಅಧ್ಯಯನದಲ್ಲಿ ಲೆನಕಾಪವಿರ್ ಇಂಜೆಕ್ಷನ್ ತಗೊಂಡ 2,134 ಯುವತಿಯರಲ್ಲಿ ಒಬ್ಬರಿಗೂ ಎಚ್‌ಐವಿ ಬರಲಿಲ್ಲ. ಜೊತೆಯಲ್ಲೇ ಹಳೆಯ ಮಾತ್ರೆ ಕೊಟ್ಟ 1,068 ಜನರಲ್ಲಿ 16 ಜನಕ್ಕೆ ಬಂತು. ಆ ಮಾತ್ರೆ ಕೆಟ್ಟದ್ದಲ್ಲ, ಹೆಚ್ಚಿನವರು ಅದನ್ನು ಸರಿಯಾಗಿ ನುಂಗುತ್ತಿರಲಿಲ್ಲ. ಇಂಜೆಕ್ಷನ್ನಿಗೆ ಡಬ್ಬಿ ಇಲ್ಲವಲ್ಲ.

ಮಾತ್ರೆಯೂ ಕೆಲಸ ಮಾಡುತ್ತದೆ, ಸುತ್ತಲಿನವರು ಜೊತೆಗಿದ್ದರೆ. ನಮ್ಮ ಪಕ್ಕದ ಮೈಸೂರಿನಲ್ಲೇ ಆಶೋದಯ ಸಮಿತಿ ಅಂತ ಇದೆ, ಲೈಂಗಿಕ ವೃತ್ತಿಯಲ್ಲಿರುವವರೇ ನಡೆಸುವ ಸಂಘ. 2016ರಲ್ಲಿ ಅವರು, ಮತ್ತೆ ಕೋಲ್ಕತ್ತದ ಸೋನಾಗಾಚಿಯ ಅಂಥದ್ದೇ ಸಂಘವಾದ ದುರ್ಬಾರ್ ಸಮಿತಿಯವರು, ಪ್ರೆಪ್ ಮಾತ್ರೆಯನ್ನು ತಮ್ಮವರಿಗೆ ಕೊಟ್ಟು ನೋಡಿದರು. ಮೈಸೂರು ಮಂಡ್ಯ ಕಡೆಯೇ ಆರುನೂರಕ್ಕೂ ಜಾಸ್ತಿ ಹೆಂಗಸರು. ಒಬ್ಬರಿಗೂ ಎಚ್‌ಐವಿ ಬರಲಿಲ್ಲ. ಅಲ್ಲಿ ಮಾತ್ರೆ ನುಂಗಿದೆಯಾ ಅಂತ ನೆನಪಿಸುತ್ತಿದ್ದವಳೂ ಅದೇ ಕೆಲಸದ ಇನ್ನೊಬ್ಬಳು. ಯಾರೂ ಯಾರಿಂದಲೂ ಮುಚ್ಚಿಡಬೇಕಾಗಿರಲಿಲ್ಲ. ಲೈನ್ ಮನೆಯಲ್ಲಿ ಒಂಟಿಯಾಗಿ ಇದನ್ನು ನಿಭಾಯಿಸುವ ಹೆಂಗಸಿಗೆ ಅಂಥ ಜೊತೆ ಎಲ್ಲಿಂದ ಬರಬೇಕು?

ಹಾಗಾಗಿ 2027ಕ್ಕೋ ಆಮೇಲೋ ಈ ಇಂಜೆಕ್ಷನ್ ಘಾಟಿ ಹತ್ತಿ ಬಂದಾಗ, ಎಲ್ಲಿ ಕೊಡುತ್ತಾರೆ ಅನ್ನುವುದು ಬೆಲೆಯಷ್ಟೇ ದೊಡ್ಡ ವಿಚಾರ ಅಂತ ನನಗೆ ಅನ್ನಿಸುತ್ತದೆ. ನನ್ನ ಹತ್ತಿರ ಒಂದು ಸಲಹೆ ಇದೆ. ಸರ್ಕಾರಿ ಆಸ್ಪತ್ರೆಗಳಲ್ಲಿ 2017ರಿಂದ ಅಂತರಾ ಇಂಜೆಕ್ಷನ್ ಕೊಡುತ್ತಿದ್ದಾರೆ, ಮಕ್ಕಳಾಗದ ಹಾಗೆ ಮೂರು ತಿಂಗಳಿಗೊಮ್ಮೆ, ಪುಕ್ಕಟೆ. ಸಂತೆಯ ದಿನ ಹೆಂಗಸರು ಬರುತ್ತಾರೆ, ಹಾಕಿಸಿಕೊಳ್ಳುತ್ತಾರೆ, ತರಕಾರಿ ಚೀಲ ಎತ್ತಿಕೊಂಡು ಹೋಗುತ್ತಾರೆ. ಗಂಡನಿಗೂ ಹೇಳದೆ ಹಾಕಿಸಿಕೊಳ್ಳುವವರಿದ್ದಾರೆ. ಅದೇ ರೂಮಿನಲ್ಲಿ, ಅದೇ ಸಿಸ್ಟರ್ ಕೈಯಲ್ಲಿ ಇದನ್ನೂ ಕೊಟ್ಟರೆ ಯಾರು ಯಾವುದಕ್ಕೆ ಬಂದರು ಅಂತ ಹೊರಗೆ ಕೂತವರಿಗೆ ತಿಳಿಯುವುದಿಲ್ಲ. ಗಂಡಸರಿಗೆ ಬಿಪಿ ಶುಗರ್ ನೋಡುವ ರೂಮು ಆಗಬಹುದು. ಆರೋಗ್ಯ ಇಲಾಖೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಬೇರೆ ಕಟ್ಟಡ, ಬೇರೆ ಕ್ಯೂ ಮಾಡಬೇಡಿ. ಬಾಗಿಲ ಮೇಲೆ ಬಾಣದ ಗುರುತು ಹಾಕಿದ ಕೆಂಪು ಬೋರ್ಡ್ ಅಂತೂ ಬೇಡವೇ ಬೇಡ.