ಬರಪೊಳೆಯ ಜಾಡು ಹಿಡಿದು ವಳಪಟ್ಟಣಂವರೆಗೆ

ಕೊಡಗಿನಲ್ಲಿ ಹುಟ್ಟಿದವರಿಗೆ ಹೊಳೆ ಎಂದೊಡನೆ ನೆನಪಾಗುವವಳು ಕಾವೇರಿ. ಆದರೆ ದಕ್ಷಿಣ ಕೊಡಗಿನ ನಮ್ಮ ತೋಟದ ಕೆಳಗೆ ಹರಿಯುವ ತೋಡು ಕಾವೇರಿಯನ್ನು ಸೇರುವುದಿಲ್ಲ. ಒಂದೇ ಬ್ರಹ್ಮಗಿರಿ ಸಾಲಿನಲ್ಲಿ ಬಿದ್ದ ಮಳೆ ಇರ್ಪುವಿನ ಕಡೆಗೆ ಇಳಿದರೆ ಲಕ್ಷ್ಮಣತೀರ್ಥವಾಗಿ ಕಾವೇರಿಯೊಡನೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಡುವಣಕ್ಕೆ ಇಳಿದರೆ ಬರಪೊಳೆಯಾಗಿ ಕೇರಳವನ್ನು ಹೊಕ್ಕು ವಳಪಟ್ಟಣಂ ಹೊಳೆ ಎಂಬ ಹೆಸರಿನಲ್ಲಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ನಮ್ಮ ತೋಡಿನ ನೀರು ಕೊನೆಗೆ ಮುಟ್ಟುವ ಊರನ್ನು ಒಮ್ಮೆ ಕಾಣಬೇಕೆಂಬ ಆಸೆ ನನಗೆ ಚಿಕ್ಕಂದಿನಿಂದಲೂ ಇತ್ತು. ತುಲಾ ಸಂಕ್ರಮಣ ಕಳೆದು, ಕಾಫಿ ಕೊಯ್ಲಿಗೆ ಇನ್ನೂ ಬಿಡುವಿದ್ದ ದಿನಗಳಲ್ಲಿ, ಕೇರಳದ ಪರಶ್ಶಿನಿಕಡವಿನ ಮುತ್ತಪ್ಪ ದೇವರಿಗೆ ಹೇಳಿಕೊಂಡ ಹರಕೆಯೊಂದು ಬಾಕಿ ಇದೆ ಎಂದು ಅಮ್ಮ ನೆನಪಿಸಿದಾಗ ಆ ಆಸೆಗೆ ದಾರಿ ಸಿಕ್ಕಿತು.

ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಮಾಕುಟ್ಟದ ಘಾಟಿ ಇಳಿಯುವಾಗ ಮಳೆಗಾಲದ ಗಾಯಗಳು ಗುಡ್ಡಗಳ ಮೈಮೇಲೆ ಇನ್ನೂ ಕೆಂಪಾಗಿದ್ದವು. ಇದು ಇಂದು ನಿನ್ನೆಯ ದಾರಿಯಲ್ಲ. 1791ರಲ್ಲಿ ಟಿಪ್ಪುವಿನ ಮೇಲೆ ಹೊರಟ ಜನರಲ್ ಅಬರ್‌ಕ್ರಾಂಬಿಯ ಬೊಂಬಾಯಿ ಸೈನ್ಯ ಕರಾವಳಿಯಿಂದ ಘಟ್ಟ ಹತ್ತಿ ಬಂದದ್ದು ಕೊಡಗಿನ ಮೂಲಕವೇ. ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಅವನನ್ನು ಭೇಟಿಯಾದ ನೆನಪಿಗೆ ಮರುವರ್ಷ ಕಟ್ಟಿಸಿದ ಪೇಟೆಯೇ ನಮ್ಮ ವಿರಾಜಪೇಟೆ. ಗಡಿಯ ಕೂಟುಪುಳದಲ್ಲಿ ಸೇತುವೆಯ ಕೆಳಗೆ ಬಂಡೆಗಳ ನಡುವೆ ನುಗ್ಗುತ್ತಿದ್ದ ನೀರು, ಇರಿಟ್ಟಿಗೆ ಬರುವಷ್ಟರಲ್ಲಿ ಪಳಶ್ಶಿ ಅಣೆಕಟ್ಟಿನ ಹಿನ್ನೀರಿನಲ್ಲಿ ಸದ್ದಡಗಿ ಕೆರೆಯಂತೆ ನಿಂತಿತ್ತು.

ಪರಶ್ಶಿನಿಕಡವಿನ ಗುಡಿ ಹೊಳೆಯ ದಡದಲ್ಲೇ ಇದೆ. ಕಂಚಿನ ನಾಯಿಗಳು ಕಾಯುವ, ನಿಜವಾದ ನಾಯಿಗಳು ಯಾರ ಗದರಿಕೆಯೂ ಇಲ್ಲದೆ ಓಡಾಡುವ ಆ ಸನ್ನಿಧಿಯಲ್ಲಿ ಸೇಂದಿ ಮತ್ತು ಒಣಮೀನು ದೇವರ ನೈವೇದ್ಯ. ಬಂದವರಿಗೆಲ್ಲ ಬೇಯಿಸಿದ ಕಾಳು, ತೆಂಗಿನಕಾಯಿಯ ಹೋಳು ಮತ್ತು ಚಹಾ ಕೊಡುತ್ತಾರೆ. ವೆಳ್ಳಾಟವೆಂಬ ಆರಾಧನಾ ಕುಣಿತದಲ್ಲಿ ವೇಷಧಾರಿಯ ಮೈದುಂಬಿದ ಮುತ್ತಪ್ಪ ಅಮ್ಮನ ಕೈ ಹಿಡಿದುಕೊಂಡು, ಮನೆಯ ಹಿರಿಯನೊಬ್ಬ ವಿಚಾರಿಸುವ ಹಾಗೆ, ತಗ್ಗಿದ ದನಿಯಲ್ಲಿ ಬಹಳ ಹೊತ್ತು ಮಾತನಾಡಿದನು. ಮುತ್ತಪ್ಪನ ಮೂಲಸ್ಥಾನ ಕೊಡಗಿನ ಗಡಿಗೆ ತಾಗಿದ ಕುನ್ನತ್ತೂರು ಪಾಡಿ. ಅವನೂ ಬೆಟ್ಟದಿಂದ ಇಳಿದು ಬಂದವನೇ.

ಗುಡಿಯ ಪಕ್ಕದ ಕಡವಿನಲ್ಲಿ ಒಂದು ಸಣ್ಣ ಬೋಟನ್ನು ಅರ್ಧ ದಿನಕ್ಕೆ ಗೊತ್ತುಮಾಡಿದೆವು. ಕೊಡಗಿನಿಂದ ಬಂದವರೆಂದು ತಿಳಿದ ಬೋಟಿನ ಇಕ್ಕ (ಅಲ್ಲಿನ ಮುಸ್ಲಿಮರಲ್ಲಿ ಅಣ್ಣನನ್ನು ಕರೆಯುವ ಮಾತು), "ಹಾಗಾದರೆ ಇದು ನಿಮ್ಮ ಕಡೆಯ ನೀರೇ, ಅಮ್ಮ" ಎಂದು ಮಲಯಾಳದಲ್ಲಿ ಹೇಳಿದಾಗ ಅಮ್ಮನ ಮುಖ ಅರಳಿತು. ಆಷಾಢದಲ್ಲಿ ಕೊಡಗಿನಲ್ಲಿ ಮಳೆ ಹಿಡಿದರೆ ಇಲ್ಲಿ ಹೊಳೆ ಕೆಂಪಾಗುತ್ತದೆ, ಅದನ್ನು ನೋಡಿ ನಿಮ್ಮ ಊರಿನ ಸುದ್ದಿ ತಿಳಿದುಕೊಳ್ಳುತ್ತೇವೆ ಎಂದೂ ಆತ ಹೇಳಿದರು. ದಡದ ತೆಂಗಿನ ಸಾಲು ನಿಧಾನವಾಗಿ ಹಿಂದೆ ಸರಿದು, ಕಾಂಡ್ಲಾ ಗಿಡಗಳ ಬೇರುಗಳು ಕೆಸರಿನಲ್ಲಿ ಕಾಣಿಸತೊಡಗಿದವು. ಕೈ ಅದ್ದಿ ನಾಲಗೆಗೆ ತಾಗಿಸಿ ನೋಡಿದೆ. ನೀರು ಆಗಲೇ ಉಪ್ಪಾಗಿತ್ತು.

ವಳಪಟ್ಟಣಂನಲ್ಲಿ ಇಳಿದು ಎರಡು ತಾಸು ಕಳೆದೆವು. ಮೂಷಿಕವಂಶದ ಅರಸು ವಲ್ಲಭ ಕಟ್ಟಿಸಿದ ವಲ್ಲಭಪಟ್ಟಣವೇ ಇದೆಂದು ಹೇಳುತ್ತಾರೆ. ಆ ವಂಶದ ಚರಿತ್ರೆಯನ್ನು 11ನೆಯ ಶತಮಾನದ ಅತುಲ ಕವಿ ಸಂಸ್ಕೃತದಲ್ಲಿ ಬರೆದಿದ್ದಾನೆ. ಮುಂದೆ ಕೋಲತ್ತಿರಿ ಅರಸರ ಕಾಲದಲ್ಲಿಯೂ ಮೆರೆದ ಈ ರೇವು ಇಂದು ಕೇರಳದ ಅತಿ ಚಿಕ್ಕ ಗ್ರಾಮ ಪಂಚಾಯಿತಿ. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಅರಸರ ಕತೆಯಲ್ಲ, ಮರದ ವಾಸನೆ. ಸಾಮಿಲ್ಲುಗಳ ಹೊಟ್ಟು, ರಾಶಿ ಹಾಕಿದ ದಿಮ್ಮಿಗಳು, 1945ರಲ್ಲಿ ಆರಂಭವಾದ ಪ್ಲೈವುಡ್ ಕಾರ್ಖಾನೆ, ಎಲ್ಲವೂ ಈ ಹೊಳೆಯ ಕೂಸುಗಳು. ಘಟ್ಟದ ಕಾಡಿನಲ್ಲಿ ಕಡಿದ ಮರಗಳನ್ನು ತೆಪ್ಪದಂತೆ ಕಟ್ಟಿ, ಹೊಳೆಯ ಸೆಳೆತಕ್ಕೇ ಬಿಟ್ಟು ಇಲ್ಲಿಗೆ ತರುತ್ತಿದ್ದ ಕಾಲವೊಂದಿತ್ತು. ಕೆಳಗಿನಿಂದ ಉಪ್ಪು ಮತ್ತು ಒಣಮೀನು ಘಟ್ಟ ಹತ್ತುತ್ತಿದ್ದವು. ಉಪ್ಪಿನ ಮೂಟೆ ಬರುವ ದಿನವನ್ನು ತನ್ನ ಅಜ್ಜಿ ಲೆಕ್ಕ ಹಾಕಿ ಕಾಯುತ್ತಿದ್ದರೆಂದು ಅಮ್ಮ ಅಲ್ಲಿಯೇ, ಒಂದು ದಿಮ್ಮಿಯ ಮೇಲೆ ಕುಳಿತು ಹೇಳಿದಳು. ಇಷ್ಟು ವರ್ಷಗಳಲ್ಲಿ ಈ ಮಾತನ್ನು ಆಕೆ ಮನೆಯಲ್ಲಿ ಒಮ್ಮೆಯೂ ಆಡಿರಲಿಲ್ಲ. ರೇವು ಎಂಬುದು ಸಮುದ್ರದವರ ಸೊತ್ತೆಂದು ನಾನು ತಿಳಿದಿದ್ದೆ. ಈ ರೇವು ಬೆಳೆದದ್ದು ನಮ್ಮ ಕಾಡನ್ನು ಉಂಡು ಎಂಬುದು ಆ ದಿಮ್ಮಿಗಳ ಮುಂದೆ ನಿಂತಾಗಲೇ ಮನಸ್ಸಿಗೆ ಇಳಿಯಿತು. ಅದರಲ್ಲಿ ಹೆಮ್ಮೆಯ ಜೊತೆಗೆ ನೋವೂ ಇತ್ತೆಂದು ಹೇಳಲೇಬೇಕು, ಏಕೆಂದರೆ ಆ ಕಾಡಿನಲ್ಲಿ ಎಷ್ಟು ಉಳಿದಿದೆ ಎಂಬುದನ್ನು ನಾನು ದಿನವೂ ಕಾಣುತ್ತೇನೆ.

ರೇವಿನ ಬಳಿಯ ಸಣ್ಣ ಹೋಟೆಲಿನಲ್ಲಿ ಅಕ್ಕಿಹಿಟ್ಟು ತುಂಬಿ ಕರಿದ ಕಲ್ಲುಮ್ಮಕಾಯಿ ಎಂಬ ಚಿಪ್ಪುಮೀನು ತಿಂದು, ಸುಲೈಮಾನಿ ಎಂಬ ಹಾಲಿಲ್ಲದ ಚಹಾ ಕುಡಿದು ಮತ್ತೆ ಬೋಟು ಹತ್ತಿದೆವು. ರೈಲು ಸೇತುವೆಯ ಕೆಳಗೆ ಹಾದುಹೋಗುವಾಗ ಮಂಗಳೂರಿನ ಕಡೆಗೆ ಹೊರಟ ಗಾಡಿಯೊಂದು ತಲೆಯ ಮೇಲೆ ಗುಡುಗಿತು.

ಅಳಿಕ್ಕಲ್‌ನಲ್ಲಿ ಉತ್ತರದಿಂದ ಬರುವ ಕುಪ್ಪಂ ಹೊಳೆಯೂ ಕೂಡಿ ಅಳಿವೆ ಬಹಳ ಅಗಲವಾಗಿದೆ. ಇಕ್ಕ ಎಂಜಿನ್ ನಿಲ್ಲಿಸಿದರು. ಮೀನುಗಾರರ ದೋಣಿಗಳು ಸಾಲಾಗಿ ಒಳಗೆ ಬರುತ್ತಿದ್ದವು. ಅವುಗಳಾಚೆ ಹೊಳೆಯ ಬಣ್ಣ ಮುಗಿದು ಕಡಲಿನ ಬಣ್ಣ ಆರಂಭವಾಗುವ ಗೆರೆಯೊಂದು ನಡುಗುತ್ತಿತ್ತು. ಅಮ್ಮ ಸೆರಗನ್ನು ತಲೆಗೆ ಹೊದ್ದು ಆ ಗೆರೆಯನ್ನೇ ನೋಡುತ್ತ ಕುಳಿತಳು. ಸ್ವಲ್ಪ ಹೊತ್ತಿನಲ್ಲಿ ಉಬ್ಬರ ಏರತೊಡಗಿ, ಎಂಜಿನ್ ನಿಂತಿದ್ದರೂ ಬೋಟು ತಾನಾಗಿಯೇ ಒಳನಾಡಿನ ಕಡೆಗೆ ಮುಖ ತಿರುಗಿಸಿ ಮೆಲ್ಲಗೆ ಚಲಿಸಿತು. "ಇನ್ನು ಹೋಗೋಣವಲ್ಲವೇ, ಅಮ್ಮ?" ಎಂದು ಇಕ್ಕ ಕೇಳಿದರು. ಅಮ್ಮ ಎರಡೂ ಕೈಗಳಿಂದ ಒಂದಿಷ್ಟು ನೀರೆತ್ತಿ, ಮತ್ತೆ ಹೊಳೆಗೇ ಬಿಟ್ಟು, ಹೋಗೋಣವೆಂದು ತಲೆಯಾಡಿಸಿದಳು.