ಕೆಮ್ಮು ತೆಗೀಬ್ಯಾಡ

"ಅದು ಕೆಮ್ಮತತೇನೋ ತಮ್ಮಾ?"

ಭಾನುವಾರದಿಂದ ಈ ಮಾತು ನನ್ನ ಕಿವಿ ಬಿಟ್ಟು ಹೋಗಿಲ್ಲ. ಕೇಳಿದವರು ಚಿಕ್ಕಮ್ಮ. ಉತ್ತರ ಕೊಡಬೇಕಾದವನು ಬೆಂಗಳೂರಿನಿಂದ ರಜೆಗೆ ಬಂದ ನನ್ನ ಮಗ.

ಚಿಕ್ಕಪ್ಪ ಹೋಗಿ ಒಂಬತ್ತು ತಿಂಗಳಾಯಿತು. ಚಿಕ್ಕಮ್ಮನ ಫೋನಿನಲ್ಲಿ ಅವರದೊಂದು ವಾಟ್ಸಾಪ್ ವಾಯ್ಸ್ ಮೆಸೇಜ್ ಉಳಿದಿದೆ. 11 ಸೆಕೆಂಡು. "ಮಂಡಕ್ಕಿ ತಗಂಡು ಬರ್ತಿದೀನಿ, ಈರುಳ್ಳಿ ಹೆಚ್ಚಿಡು" ಅಂತ, ಅಷ್ಟೇ. ಮಂಡಕ್ಕಿಗೂ ಈರುಳ್ಳಿಗೂ ನಡುವೆ ಉದ್ದದ ಒಂದು ಕೆಮ್ಮು, ಹಿಂದೆ ಆಟೋ ಹಾರ್ನು. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಚಿಕ್ಕಮ್ಮ ಅದನ್ನು ಒಂದು ಸಲ ಹಾಕಿಕೊಂಡು ಕೇಳುತ್ತಾರೆ. ಎರಡನೇ ಸಲ ಹಾಕಿದ್ದನ್ನು ನಾನು ನೋಡಿಲ್ಲ.

ಶನಿವಾರ ರಾತ್ರಿ ಅವರು ನಮ್ಮ ಮನೆಯಲ್ಲೇ ಉಳಿದಿದ್ದರು. ಮಗ ಲ್ಯಾಪ್‌ಟಾಪಿನಲ್ಲಿ 'ಹರ್' ಹಾಕಿದ, ಸ್ಪೈಕ್ ಜೋನ್ಜ್ 2013ರಲ್ಲಿ ಮಾಡಿದ ಸಿನಿಮಾ. ಹೆಂಡತಿಯಿಂದ ದೂರವಾದ ಥಿಯೋಡೋರ್, ಕಿವಿಯಲ್ಲಿ ಮಾತಾಡುವ ಸಮಂತಾ ಎಂಬ ಕಂಪ್ಯೂಟರ್ ದನಿಯನ್ನು ಪ್ರೀತಿಸುತ್ತಾನೆ. ಮಗ ಕನ್ನಡದಲ್ಲಿ ಹೇಳುತ್ತಾ ಹೋದ, ಚಿಕ್ಕಮ್ಮ ಗೋಡೆಗೆ ಒರಗಿ ಕೊನೆವರೆಗೂ ನೋಡಿದರು. ಬೇರೆಯವರ ಪ್ರೀತಿಯ ಪತ್ರ ಬರೆದುಕೊಡುವುದೇ ಅವನ ಕೆಲಸ ಎಂದಾಗ, "ಹಂಗಾರೆ ಅವನಿಗೆ ಬರೆಯೋರು ಯಾರು?" ಎಂದರು. ನೀನೀಗ ಎಷ್ಟು ಜನರ ಜೊತೆ ಮಾತಾಡುತ್ತಿದ್ದೀ ಎಂದು ಅವನು ಕೇಳುತ್ತಾನೆ. 8,316 ಎನ್ನುತ್ತದೆ ದನಿ. ಪ್ರೀತಿ ಮಾಡುತ್ತಿರುವುದು 641 ಜನರನ್ನು. ಅವನು ಮೆಟ್ಟಿಲ ಮೇಲೆ ಕುಸಿದು ಕೂತದ್ದನ್ನು ಕಂಡು ಚಿಕ್ಕಮ್ಮ "ಪಾಪ" ಎಂದು ಸೆರಗು ಹೊದ್ದುಕೊಂಡರು.

ಈ ಸಿನಿಮಾದ ಶೂಟಿಂಗಿನಲ್ಲಿ ಸಮಂತಾಳ ಮಾತು ಆಡಿದ್ದು ಸಮಂತಾ ಮಾರ್ಟನ್ ಎಂಬ ನಟಿ. ಆಮೇಲೆ ಅದನ್ನು ತೆಗೆದು ಸ್ಕಾರ್ಲೆಟ್ ಜೋಹಾನ್ಸನ್ ದನಿ ಹಾಕಿದರು. ನಾಯಕ ಓಗೊಟ್ಟದ್ದು ಒಬ್ಬಳಿಗೆ, ನಮಗೆ ಕೇಳುವುದು ಇನ್ನೊಬ್ಬಳು. ನೋಡುವವರಿಗೆ ಗೊತ್ತೇ ಆಗುವುದಿಲ್ಲ. ನನಗೆ ಭಯ ಹುಟ್ಟಿಸುವುದು ಇದೇ.

ಮಾರನೇ ದಿನ ಮಗ ಅಜ್ಜಿಯ ಪಕ್ಕ ಕೂತು, ತಾತನ ದನಿಯನ್ನು ಎಐಗೆ ಕೊಟ್ಟರೆ ಅದು ಅವರ ಹಾಗೇ ಮಾತಾಡುತ್ತದೆ, ನೀವು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತದೆ ಎಂದ. ಒಳ್ಳೆಯ ಹುಡುಗ. ಯಾರಾದರೂ ಅತ್ತರೆ ಅವನ ಕೈ ಸುಮ್ಮನಿರುವುದಿಲ್ಲ. "ಹಾರ್ನು, ಕೆಮ್ಮು ಎಲ್ಲಾ ತೆಗೆದು ಕ್ಲೀನ್ ಮಾಡ್ತೀನಿ ಅಜ್ಜಿ" ಎಂದೂ ಹೇಳಿದ. ಪುಣೆಯಲ್ಲಿರುವ ಅವರ ಮಗ ವಾರಕ್ಕೊಮ್ಮೆಯಾದರೂ ಫೋನ್ ಮಾಡುವವನಾಗಿದ್ದರೆ ಈ ಮಾತೇ ಬರುತ್ತಿರಲಿಲ್ಲ. ಹಾಗಂದರೆ ಚಿಕ್ಕಮ್ಮನಿಗೆ ಸಿಟ್ಟು.

ಆಗ ಕೇಳಿದ್ದು, "ಅದು ಕೆಮ್ಮತತೇನೋ ತಮ್ಮಾ?"

"ಬೇಕಂದ್ರೆ ಕೆಮ್ಮಿಸಬಹುದು ಅಜ್ಜಿ."

"ಬೇಕಂದಾಗ ಕೆಮ್ಮಿದ್ರೆ ಅದು ಅವರ ಕೆಮ್ಮೇನೋ? ಬ್ಯಾಡ. ತೆಗೀಬ್ಯಾಡ."

ಮಗ ತಲೆ ತಗ್ಗಿಸಿದ. ನಾನು ಅಡುಗೆಮನೆ ಬಾಗಿಲಲ್ಲಿ ನಿಂತೇ ಇದ್ದೆ.

ಆ ಕೆಮ್ಮು ಎಲ್ಲಿಂದ ಬಂತು ಎಂದು ನನಗೆ ಗೊತ್ತು. ದಾವಣಗೆರೆಯಲ್ಲಿ ಹತ್ತಿ ಮಿಲ್ಲುಗಳ ಸೈರನ್ನಿಗೆ ಊರು ಏಳುತ್ತಿದ್ದ ಕಾಲದಲ್ಲಿ ಚಿಕ್ಕಪ್ಪ ನೂಲಿನ ಖಾತೆಯಲ್ಲಿದ್ದರು. ಮನೆಗೆ ಬಂದಾಗ ಹುಬ್ಬಿನ ಮೇಲೆಲ್ಲ ಬಿಳಿ ಅರಳೆ. ಸೋಮವಾರ ಬಂತೆಂದರೆ ಎದೆ ಬಿಗಿಯುತ್ತದೆ ಎನ್ನುತ್ತಿದ್ದರು. ವಾರದ ರಜೆಗೆ ಮೈಗಳ್ಳತನ ಹತ್ತಿದೆ ಎಂದು ಮನೆಯವರೆಲ್ಲ ನಗುತ್ತಿದ್ದೆವು. ಹತ್ತಿ ಧೂಳು ಕುಡಿದ ಎದೆಗೂಡು ರಜೆ ಮುಗಿಸಿ ಮೊದಲ ದಿನ ಮಿಲ್ಲಿಗೆ ಹೋದಾಗಲೇ ಹೆಚ್ಚು ಬಿಗಿಯುತ್ತದೆ, ಅದೊಂದು ಕಾಯಿಲೆ, ಅದಕ್ಕೆ ಹೆಸರೂ ಇದೆ ಎಂದು ನಾನು ಓದಿ ತಿಳಿಯುವ ಹೊತ್ತಿಗೆ ಮಿಲ್ಲು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಕೆಮ್ಮು ಮಾತ್ರ ಉಳಿದಿತ್ತು. ಗೇಟಿನ ಹತ್ತಿರ ಕೆಮ್ಮು ಕೇಳಿದರೆ ಚಿಕ್ಕಮ್ಮ ಒಲೆ ಹಚ್ಚುತ್ತಿದ್ದರು. ಅವರಿಗೆ ಅದು ಗಂಡ ಮನೆಗೆ ಬಂದ ಸದ್ದು. ನಮಗೆಲ್ಲ ಅದು ಕಿವಿಗೇ ಬೀಳದ ಸದ್ದು. ಒಂದು ಸಲವಾದರೂ ಎದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬಹುದಿತ್ತು. ನಾನು ಹೋಗಬಹುದಿತ್ತು.

ಸೋಮವಾರ ಹೊರಡುವಾಗ ಚಿಕ್ಕಮ್ಮ ಫೋನು ನನ್ನ ಕೈಗಿತ್ತರು. "ನಂದೇನಾರ ಹಾಳಾದ್ರೆ? ನಿಂದಕ್ಕೂ ಹಾಕ್ಕ. ಪೂರ್ತಿ ಹಾಕ್ಕ."

ಹಾಕಿಕೊಂಡಿದ್ದೇನೆ. ಇವತ್ತು ಗುರುವಾರ. ಇನ್ನೂ ಕೇಳಿಲ್ಲ.